ನನ್ನ ನೆಗೆಣ್ಣಿಯ ಗರ್ಭಚೀಲವನ್ನು ಕಾಯುತ್ತಿರುವ ಸಮಿತಿಗೆ

ಗರ್ಭಕೋಶ ಸಂರಕ್ಷಣಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ಹೋದ ವಾರ ನಿಮ್ಮ ಸಮಿತಿ ನನ್ನ ನೆಗೆಣ್ಣಿ ಜಬೀನಳ ಗರ್ಭಕೋಶವನ್ನು ಎರಡನೆಯ ಸಲ ಕಾಪಾಡಿತು. ಅಭಿನಂದನೆಗಳು. ಆ ಗರ್ಭಕೋಶದ ಸುತ್ತ ಒಬ್ಬ ಹೆಂಗಸು ಇದ್ದಾಳೆ. ಅವಳನ್ನು ಯಾರು ಕಾಪಾಡಬೇಕು ಎಂಬುದನ್ನು ಮಾತ್ರ ನಿಮ್ಮ ಆದೇಶದಲ್ಲಿ ಎಲ್ಲಿಯೂ ಹೇಳಿಲ್ಲ. ಬಹುಶಃ ಅದು ಬೇರೆ ಸಮಿತಿಯ ವ್ಯಾಪ್ತಿಗೆ ಬರುತ್ತದೆ.

ಸಂಗತಿ ಗೊತ್ತಿಲ್ಲದೆ ಪತ್ರಿಕೆಯಲ್ಲಿ ಈ ಪತ್ರ ಓದುತ್ತಿರುವವರಿಗೆ ನಾಲ್ಕು ಮಾತು ಹೇಳಬೇಕು. ಜಬೀನ ನನ್ನ ಮೈದುನ ಖಾದರನ ಹೆಂಡತಿ. ಗಜೇಂದ್ರಗಡದಲ್ಲಿ ನಮ್ಮದು ಅರಳೆ ತುಂಬಿ ಗಾದಿ ಹೊಲಿಯುವ ಮನೆ. ವಯಸ್ಸು ಇನ್ನೂ ನಲವತ್ತಾಗದ ಈ ಹೆಂಗಸಿಗೆ ಕೆಲವು ವರ್ಷಗಳಿಂದ ಮುಟ್ಟಿನ ರಕ್ತ ಹತೋಟಿ ಮೀರಿ ಹೋಗುತ್ತಿದೆ. ಮಾತ್ರೆ ಆಯಿತು, ಒಳಗೆ ಇಡುವ ಔಷಧಿ ಆಯಿತು, ಗರ್ಭಕೋಶ ಉಳಿಸುವ ಚಿಕಿತ್ಸೆಯೂ ಆಯಿತು. ಯಾವುದಕ್ಕೂ ರಕ್ತ ನಿಲ್ಲಲಿಲ್ಲ. ಈಗ ದೊಡ್ಡ ದವಾಖಾನೆಯ ಡಾಕ್ಟರು ಹೊಟ್ಟೆ ಕೊಯ್ಯದೆ, ಸಣ್ಣ ರಂಧ್ರಗಳಿಂದಲೇ ಗರ್ಭಕೋಶ ತೆಗೆಯಲು ಸಿದ್ಧರಿದ್ದಾರೆ. ಜಬೀನ ಸಿದ್ಧಳಿದ್ದಾಳೆ. ಮಂಚವೂ ಸಿದ್ಧವಿದೆ. ನಲವತ್ತಕ್ಕಿಂತ ಕಡಿಮೆ ವಯಸ್ಸಿನವರಾದರೆ ನಿಮ್ಮ ಸಮಿತಿಯ ಅನುಮತಿ ಬೇಕು. ಎರಡು ಸಲ ಅರ್ಜಿ ಹಾಕಿದರೂ ನೀವು ಕೊಡಲಿಲ್ಲ. ನಿಮ್ಮ ಮೂವರು ಸದಸ್ಯರಲ್ಲಿ ಒಬ್ಬರೂ ಅವಳನ್ನು ಎದುರಿಗೆ ನೋಡದೆಯೇ ನಿರಾಕರಿಸಿದಿರಿ.

ಒಬ್ಬ ಶಿಕ್ಷಕಿ ಇಂಥ ವಿಷಯವನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಹುಬ್ಬೇರಿಸುವವರು ಇರುತ್ತಾರೆ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಸಮಾಸ, ಸಂಧಿ, ಛಂದಸ್ಸು ಎಲ್ಲವನ್ನೂ ಬಾಯಿಬಿಟ್ಟು ಹೇಳುವವಳು ಇದೊಂದನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳಬೇಕೇ? ಈ ಪತ್ರ ಬರೆಯುವ ಮೊದಲು ಜಬೀನಳನ್ನು ಕೇಳಿದೆ. "ಹೆಸರ ಹಾಕ್ಲೇನ ಬಿಡ್ಲೇನ?" ಅಂದೆ. "ಹಾಕ ಯಕ್ಕಾ. ಅವರ ಹಂತ್ಯಾಕ ನಂಬರ ಆಗಿ ಕುಂತೇನಿ, ಪೇಪರಿನ್ಯಾಗರ ಹೆಸರ ಬರ್ಲಿ" ಅಂದಳು. ಹಾಗಾಗಿ ಹಾಕಿದ್ದೇನೆ.

ನಿಮ್ಮ ಸಮಿತಿ ಹುಟ್ಟಿದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು ಎಂದರೆ ನಂಬುತ್ತೀರೋ ಇಲ್ಲವೋ. ಕಾರಣ ನಮ್ಮ ಮನೆಯಲ್ಲೇ ಇತ್ತು. ನಮ್ಮ ಅತ್ತೆ ಮದರಬಿಯವರಿಗೆ ಸೊಂಟನೋವು ಎಂದು ಯಾವುದೋ ಖಾಸಗಿ ದವಾಖಾನೆಗೆ ಹೋದರೆ, "ಚೀಲದಾಗ ಗಂಟ ಐತಿ, ಕ್ಯಾನ್ಸರ್ ಆಕ್ಕೇತಿ" ಎಂದು ಹೆದರಿಸಿ, ಹೊಟ್ಟೆಯನ್ನು ಉದ್ದಕ್ಕೆ ಸೀಳಿ, ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದು ಕಳಿಸಿದರು. ಆಗ ಅವರ ಮಡಿಲಲ್ಲಿ ಕೂಸಿತ್ತು. ಸಹಿ ಹಾಕಿದ್ದು ಮಾವನವರು. ಅತ್ತೆಯನ್ನು ಯಾರೂ ಏನೂ ಕೇಳಲಿಲ್ಲ. ಮೈಯೆಲ್ಲ ಬೆಂಕಿ ಹತ್ತಿದ ಹಾಗೆ ಆಗುವುದು, ಎಲುಬು ಸವೆಯುವುದು, ಸುಮ್ಮನೆ ಕುಳಿತಲ್ಲೇ ಅಳು ಬರುವುದು, ಎಲ್ಲವೂ ಅವರಿಗೆ ವಯಸ್ಸಿಗೆ ಮುಂಚೆಯೇ ಬಂದವು. ಗಾದಿ ಸೂಜಿ ಹಿಡಿದರೆ ಬೆರಳು ನಿಲ್ಲದಾಯಿತು. ಇಂದಿಗೂ ಅವರು ಅದನ್ನು ಆಪರೇಷನ್ ಎನ್ನುವುದಿಲ್ಲ. "ನನ್ನ ಬಳದ ಹಾಕಿದ್ರು" ಎನ್ನುತ್ತಾರೆ.

ಅಂಥ ಹೆಂಗಸರು ಈ ಸೀಮೆಯಲ್ಲಿ ಅವರೊಬ್ಬರೇ ಅಲ್ಲ. ಆದ್ದರಿಂದ ಸರಕಾರ ಕಣ್ಣು ಬಿಟ್ಟು, ಇನ್ನು ಮೇಲೆ ಚಿಕ್ಕ ವಯಸ್ಸಿನವರ ಗರ್ಭಕೋಶವನ್ನು ಸುಮ್ಮಸುಮ್ಮನೆ ತೆಗೆಯುವಂತಿಲ್ಲ, ಮೊದಲು ಉಳಿಸುವ ದಾರಿ ನೋಡಬೇಕು ಎಂದಾಗ ನಾನು ಶಾಲೆಯ ತಾಯಂದಿರ ಸಭೆಯಲ್ಲಿ ನಿಂತು ಅದನ್ನು ಹೊಗಳಿ ಮಾತಾಡಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಯಾರೋ ಹಿಂದಿನಿಂದ ಗೊಣಗಿದರು. ತಡವಾಗಿಯಾದರೂ ಹಾಕಿದರಲ್ಲ, ಇನ್ನು ಮುಂದಿನವರಿಗೆ ಆದೀತು ಎಂದು ಸಮಾಧಾನ ಹೇಳಿದೆ. ಆದರೆ ಬಾಗಿಲು ಹಾಕಿದ ನೀವು ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗುತ್ತೀರಿ ಎಂದು ನನಗೆ ಹೊಳೆದಿರಲಿಲ್ಲ.

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದರಂತೆ. ಸುಳ್ಳು ಹೇಳಿ ಕೊಯ್ದವರು ದವಾಖಾನೆಯವರು. ಶಿಕ್ಷೆಯ ಸಾಲಿನಲ್ಲಿ ನಿಂತವರು ಕಾಯಿಲೆಯ ಹೆಂಗಸರು. ಯಾರದೋ ದುರಾಸೆಗೆ ಕಡಿವಾಣ ಹಾಕುವ ನಿಯಮ ಇವತ್ತು ಜಬೀನಳ ಕೊರಳಿಗೆ ಬಿದ್ದಿದೆ.

ಅಧ್ಯಕ್ಷರೇ, ನಿಮ್ಮ ಆದೇಶವನ್ನು ಓದಿದರೆ ಚಿಕಿತ್ಸೆಗಳಿಗೆಲ್ಲ ನೀವು ಒಂದು ಮೆಟ್ಟಿಲು ಕಟ್ಟಿದ್ದೀರಿ ಎಂದು ತಿಳಿಯುತ್ತದೆ. ಕೊಯ್ತ ಕಡಿಮೆಯಾದಷ್ಟೂ ಪುಣ್ಯ ಹೆಚ್ಚು. ಕೊಯ್ತವೇ ಇಲ್ಲದ್ದು ಸ್ವರ್ಗ, ಗರ್ಭಕೋಶ ತೆಗೆಯುವುದು ನರಕ. ನಿಜವಾಗಿ ಹಾಗಿದೆಯೇ? ನನಗೆ ವೈದ್ಯಶಾಸ್ತ್ರ ಬರುವುದಿಲ್ಲ. ದೊಡ್ಡ ದವಾಖಾನೆಯ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು, ನಮಗೆ ತಿಳಿಯುವ ಮಾತಿನಲ್ಲಿ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ. ಅವರು ಎಷ್ಟು ತಾಳ್ಮೆಯಿಂದ ಹೇಳಿದರೆಂದರೆ, ನಿಮ್ಮ ಸಮಿತಿಗೂ ಒಂದು ದಿನ ಅವರಿಂದ ಪಾಠ ಹೇಳಿಸಬೇಕು ಎನಿಸಿತು.

ಗರ್ಭಕೋಶದ ಒಳಗೆ ಸಣ್ಣ ಸಾಧನವೊಂದನ್ನು ಇಡುತ್ತಾರೆ. ಅದು ಕೆಲವು ವರ್ಷ ನಿಧಾನವಾಗಿ ಔಷಧಿ ಬಿಡುತ್ತ ಒಳಪದರವನ್ನು ತೆಳ್ಳಗೆ ಮಾಡುತ್ತದೆ. ಕೊಯ್ಯುವ ಮಾತೇ ಇಲ್ಲ, ಬೇಡವೆಂದರೆ ತೆಗೆಯಬಹುದು. ಇದನ್ನು ನಾನು ಕೇಳಿ ಬರೆಯುತ್ತಿಲ್ಲ. ಈ ಪತ್ರ ಬರೆಯುತ್ತಿರುವಾಗಲೂ ಅದು ನನ್ನ ಒಳಗೇ ಇದೆ. ಜಬೀನಳಷ್ಟಲ್ಲದಿದ್ದರೂ ನನಗೂ ಹೆಚ್ಚು ಹೋಗುತ್ತಿತ್ತು. ಮೊದಮೊದಲು ಬಟ್ಟೆಗೆ ಕಲೆ ಕಾಣುತ್ತ ಕಿರಿಕಿರಿ ಮಾಡಿತು, ಆಮೇಲೆ ನಿಂತಿತು. ನನಗೆ ಹೊಂದಿಕೊಂಡಿತು. ಇನ್ನು ಕೆಲವರಿಗೆ ಒಳಗೆ ಸಣ್ಣ ಕುಡಿಯಂಥ ಬೆಳವಣಿಗೆ ಇರುತ್ತದೆ, ಕ್ಯಾಮೆರಾ ಹಾಕಿ ಅದನ್ನಷ್ಟೇ ಕತ್ತರಿಸಿದರೆ ರೋಗ ಮುಗಿಯಿತು. ಮೂರನೆಯದು ಬಲೂನು. ಗರ್ಭಕೋಶದೊಳಗೆ ಬಲೂನು ಬಿಟ್ಟು, ಅದರಲ್ಲಿ ಬಿಸಿ ನೀರು ತುಂಬಿ, ರಕ್ತ ಸುರಿಸುವ ಒಳಪದರವನ್ನು ಸುಡುತ್ತಾರೆ. ಇನ್ನು ಮಕ್ಕಳು ಬೇಡ ಎನ್ನುವವರಿಗೆ ಮಾತ್ರ ಇದು. ಹೊಟ್ಟೆಯ ಮೇಲೆ ಒಂದು ಗೀರೂ ಇಲ್ಲ, ಬೇಗ ಮನೆಗೆ ಬಂದು ಬೇಗ ಕೆಲಸಕ್ಕೆ ಹೋಗಬಹುದು. ಕೆಲವರಿಗೆ ಮುಟ್ಟು ಪೂರ್ತಿ ನಿಲ್ಲುತ್ತದೆ, ಹಲವರಿಗೆ ಕಡಿಮೆಯಾಗುತ್ತದೆ, ಕೆಲವರಿಗೆ ಸ್ವಲ್ಪ ಕಾಲ ಸುಮ್ಮನಿದ್ದು ಮತ್ತೆ ಶುರುವಾಗುತ್ತದೆ. ಕೊನೆಯದು ಗರ್ಭಕೋಶವನ್ನೇ ತೆಗೆಯುವುದು. ನಮ್ಮ ಅತ್ತೆಯ ಕಾಲದ ಹಾಗೆ ಹೊಟ್ಟೆ ಸೀಳಬೇಕಿಲ್ಲ. ಮೂರ್ನಾಲ್ಕು ರಂಧ್ರ ಸಾಕು, ಅಂಡಾಶಯ ಚೆನ್ನಾಗಿದ್ದರೆ ಅದನ್ನು ಮುಟ್ಟುವುದಿಲ್ಲ. ಆದರೆ ಪ್ರಜ್ಞೆ ತಪ್ಪಿಸುವ ಔಷಧಿ ಬೇಕು, ಮೂತ್ರಕೋಶಕ್ಕೆ ಪೆಟ್ಟಾಗುವ, ಸೋಂಕಾಗುವ ಭಯ ಇದ್ದೇ ಇದೆ, ಕೆಲವು ವಾರ ಭಾರ ಎತ್ತುವಂತಿಲ್ಲ. ಪ್ರತಿಫಲವೇನೆಂದರೆ ರಕ್ತ ಮತ್ತೆ ಬರುವುದಿಲ್ಲ.

ಇಷ್ಟು ಹೇಳಿದ ಮೇಲೆ ನಾನು ದಡ್ಡಿಯ ಹಾಗೆ ಕೇಳಿದೆ, "ಇದರಾಗ ಎಲ್ಲಾಕಿಂತ ಚಲೋದು ಯಾವುದ್ರಿ ಮೇಡಂ?" ಅವರು ನಕ್ಕರು. "ಯಾರಿಗೆ ಅಂತ ಹೇಳ್ರಿ ಅಕ್ಕೋರ, ಆಮ್ಯಾಲ ಯಾವುದು ಅಂತ ನಾ ಹೇಳ್ತೀನಿ" ಎಂದರು.

ನಿಮ್ಮ ಮೂವರು ಸದಸ್ಯರಿಗೆ ಹೊಳೆಯದ ಪ್ರಶ್ನೆ ಇದೇ, ಯಾರಿಗೆ? ಜಬೀನಳಿಗೆ ಮೊದಲು ಮಾತ್ರೆ ಕೊಟ್ಟರು. ತಿನ್ನುವಷ್ಟು ದಿನ ತುಸು ಕಡಿಮೆ, ಬಿಟ್ಟರೆ ಮತ್ತೆ ಅದೇ. ನರಗುಂದದ ತವರಿಗೆ ಹೋದಾಗ ನನ್ನಂತೆಯೇ ಒಳಗೆ ಸಾಧನ ಇಡಿಸಿಕೊಂಡಳು. ರಕ್ತದ ರಭಸಕ್ಕೆ ಅದು ಜಾರಿ ಬಿದ್ದೇ ಹೋಯಿತು. ಆಮೇಲೆ ಬಲೂನು ಹಾಕಿದರು. ಆಗ ಯಾವ ತಕರಾರೂ ಇರಲಿಲ್ಲ, ನಾವೇ ಕುಣಿದು ಒಪ್ಪಿದ್ದೆವು. ಕೆಲವು ತಿಂಗಳು ಮನೆಯಲ್ಲಿ ಹಬ್ಬ. ಜಬೀನ ಬಿಳಿ ಸಲ್ವಾರ್ ಹೊಲಿಸಿಕೊಂಡಳು. ಎಷ್ಟೋ ವರ್ಷದಿಂದ ಅವಳು ತಿಳಿ ಬಣ್ಣದ ಬಟ್ಟೆ ಉಟ್ಟಿದ್ದನ್ನು ನಾವು ನೋಡಿರಲಿಲ್ಲ. ಆಮೇಲೆ ರಕ್ತ ಮರಳಿತು, ಈ ಸಲ ನೋವನ್ನೂ ಕರೆದುಕೊಂಡು ಬಂತು. ಒಳಪದರ ಗರ್ಭಕೋಶದ ಗೋಡೆಯೊಳಗೇ ಬೇರುಬಿಟ್ಟು ಬೆಳೆದಿದೆ, ಮೇಲಿನಿಂದ ಸುಟ್ಟರೆ ಅಲ್ಲಿಗೆ ಮುಟ್ಟುವುದಿಲ್ಲ ಎಂದು ಸ್ಕ್ಯಾನ್ ನೋಡಿ ಡಾಕ್ಟರಮ್ಮ ಹೇಳಿದರು.

ಇನ್ನು ಬೆಳವಣಕಿ ಊರಿನ ಒಂದು ಮದುವೆ ಮನೆಯಲ್ಲಿ ಆದದ್ದನ್ನು ಕೇಳಿ. ಮದುವೆಯ ಗಾದಿಯನ್ನು ಮದುಮಗಳ ಮನೆಗೇ ಹೋಗಿ ಹೊಲಿದುಕೊಡುವುದು ನಮ್ಮ ಮನೆತನದ ಪದ್ಧತಿ. ಅರಳೆಯನ್ನು ಹಿಂಜಿ ಗಾಡಿಯಲ್ಲಿ ಒಯ್ಯುತ್ತೇವೆ, ಅವರ ಪಡಸಾಲೆಯಲ್ಲೇ ತುಂಬಿ ಹೊಲಿಯುತ್ತೇವೆ, ಕೊನೆಯ ಟಾಕು, ಅಂದರೆ ಕೊನೆಯ ಹೊಲಿಗೆ, ಹಾಕಿದವರಿಗೆ ಅವರು ಉಡಿ ತುಂಬುತ್ತಾರೆ. ಯಾವ ಜಾತಿಯವರ ಮನೆಯಾದರೂ ಆ ಕೊನೆಯ ಟಾಕು ನಮ್ಮ ನದಾಫರ ಹೆಣ್ಣುಮಗಳದ್ದೇ. ಒಂದೇ ಒಂದು ಕಟ್ಟಳೆ. ಮುಟ್ಟಾದವಳು ಮದುವೆಯ ಗಾದಿಗೆ ಸೂಜಿ ಹಾಕಬಾರದು. ಅದು ಸರಿಯೋ ತಪ್ಪೋ ನಾನು ಇಲ್ಲಿ ವಾದಿಸುವುದಿಲ್ಲ, ಅದಕ್ಕೆ ಇನ್ನೊಂದು ಪತ್ರ ಬೇಕು. ಜಬೀನ ಅದನ್ನು ಮುರಿದವಳಲ್ಲ. ಅವತ್ತು ಜಳಕ ಮುಗಿಸಿ, ಎಲ್ಲ ನಿಂತಿದೆ ಎಂದು ಖಾತ್ರಿ ಮಾಡಿಕೊಂಡೇ ಹೋಗಿದ್ದಳು. ಆದರೆ ಅವಳ ಮೈಗೆ ಕಟ್ಟಳೆಯೂ ಇಲ್ಲ, ಪಂಚಾಂಗವೂ ಇಲ್ಲ. ಗಾದಿಯ ಮೇಲೆ ಕುಳಿತು ಹೊಲಿಯುತ್ತಿದ್ದವಳು ಎದ್ದಾಗ ಗಾದಿಗೆ ಹೊದಿಸಿದ ಹೊಸ ಬಿಳಿ ಖೋಳಿನ ಮೇಲೆ ಅಂಗೈಯಗಲ ಕೆಂಪಾಗಿತ್ತು. ಪಡಸಾಲೆಯ ತುಂಬ ಬೀಗರು.

ಮದುಮಗಳ ತಾಯಿ ಹುಚ್ಚವ್ವ ಅಲ್ಲೇ ಇದ್ದರು. ಅವರು ಕೂಗಾಡಲಿಲ್ಲ. ಕೈಯಲ್ಲಿದ್ದ ಕುಂಕುಮದ ಬಟ್ಟಲನ್ನು ತಾವೇ ಆ ಕಲೆಯ ಮೇಲೆ ಬೋರಲು ಹಾಕಿ, "ಅಯ್ಯ, ನನ್ನ ಕೈ ಸುಡ್ಲಿ, ಎಲ್ಲಾ ಚೆಲ್ಲಿಬಿಟ್ನೆಲ್ಲವ್ವಾ" ಎಂದು ನಾಲ್ಕು ಮಂದಿಗೆ ಕೇಳುವ ಹಾಗೆ ಅಂದರು. ಆಮೇಲೆ ಜಬೀನಳ ತೋಳು ಹಿಡಿದು ಒಳಗೆ ಕರೆದೊಯ್ದು, ತಮ್ಮ ಸೀರೆ ಕೊಟ್ಟು, "ನನಗೂ ಹಿಂಗ ಆಗತಿತ್ತು ನನ್ನವ್ವಾ. ಬಲೂನ್ ಹಾಕಿಸಿಕೊಂಡ ಮ್ಯಾಲ ದೇವರ ದಯಾ, ಒಂದ ಹನಿ ಕಂಡಿಲ್ಲ. ನೀನೂ ಹಾಕಿಸ್ಕೊ" ಅಂದರು. "ನಾನೂ ಹಾಕಿಸ್ಕೊಂಡೇನ್ರಿ ಅಮ್ಮಾರ. ನನಗ ಹತ್ತಲಿಲ್ರಿ" ಎಂದಳು ಜಬೀನ. ಅಷ್ಟು ಹೇಳಿ ಅಲ್ಲಿಯೇ ಕುಸಿದಳು.

ಅಧ್ಯಕ್ಷರೇ, ಆ ಕೋಣೆಯಲ್ಲಿ ಇಬ್ಬರು ಹೆಂಗಸರಿದ್ದರು. ಇಬ್ಬರಿಗೂ ಒಂದೇ ರೋಗ ಎಂದು ನೀವು ಬರೆಯುತ್ತೀರಿ. ಇಬ್ಬರಿಗೂ ಒಂದೇ ಚಿಕಿತ್ಸೆ ಆಯಿತು. ಒಬ್ಬರು ಅದರಿಂದ ಬದುಕಿದರು, ಇನ್ನೊಬ್ಬಳು ನೆಲಕ್ಕೆ ಬಿದ್ದಳು. ಬಲೂನು ಕೆಟ್ಟದ್ದು ಎಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಹುಚ್ಚವ್ವನವರ ಎದುರು ನಿಂತು ಹಾಗೆ ಹೇಳುವ ಧೈರ್ಯವೂ ನನಗಿಲ್ಲ. ಎಲ್ಲರಿಗೂ ಒಂದೇ ಅಳತೆಯ ಗಾದಿ ಹೊಲಿಯುವವನನ್ನು ನಮ್ಮಲ್ಲಿ ಯಾರೂ ಎರಡನೆಯ ಸಲ ಕರೆಯುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಅವತ್ತು ಅವಳನ್ನು ನೇರವಾಗಿ ದೊಡ್ಡ ದವಾಖಾನೆಗೆ ಒಯ್ದು ರಕ್ತ ಹಾಕಿಸಿದೆವು. ಖಾದರ ರಕ್ತ ಕೊಟ್ಟ, ನಮ್ಮ ಶಾಲೆಯ ಇಬ್ಬರು ಸಹೋದ್ಯೋಗಿಗಳು ಕೊಟ್ಟರು. ಅವಳಿಗೆ ಚೇತರಿಕೆ ಬಂದ ಮೇಲೆ ಡಾಕ್ಟರಮ್ಮ ಮತ್ತೆ ಎಲ್ಲವನ್ನೂ ಮೊದಲಿನಿಂದ ವಿವರಿಸಿದರು. ಒಮ್ಮೆ ಸುಟ್ಟ ಜಾಗವನ್ನು ಮತ್ತೆ ಸುಡುವುದು ಅಪಾಯ, ಗೋಡೆಗೆ ಪೆಟ್ಟಾಗಬಹುದು ಎಂದರು. ತೆಗೆಯುವುದರ ಅಪಾಯವನ್ನೂ ಮುಚ್ಚಿಡಲಿಲ್ಲ. ಕೊನೆಗೆ, "ನಿನಗೇನ ಬೇಕವ್ವಾ?" ಎಂದು ಕೇಳಿದರು. ನಾನು ಬಾಯಿ ಹಾಕಲು ಹೋದಾಗ ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು. ಜಬೀನ ಸೆರಗು ಸರಿಮಾಡಿಕೊಂಡು ಮುಂದಕ್ಕೆ ಸರಿದು ಕುಳಿತಳು.

"ನಮ್ಮತ್ತೀದು ತಗದ್ರು, ಆಕೀ ಕಥೀ ಕೇಳಿ ಕೇಳಿ ನನಗ ಅಂಜಿಕಿ ಐತ್ರಿ" ಅಂದಳು. "ಅವರದು ಎಲ್ಲಾ ತಗದಾರ. ನಂದು ಅಂಡಾಶಯ ಉಳೀತೈತಿ ಅಂತೀರಿ, ಹೊಟ್ಟಿ ಸೀಳೂದಿಲ್ಲ ಅಂತೀರಿ. ಹಂಗಾರ ತಗೀರಿ. ಎರಡ ಮಕ್ಕಳದಾವ್ರಿ ನನಗ. ಅವನ್ನ ನೋಡಾಕ ನಾ ಇರಬೇಕಲ್ರಿ."

ಅಂದರೆ ಅವಳಿಗೆ ಗೊತ್ತಿತ್ತು. ಏನು ಹೋಗುತ್ತದೆ, ಏನು ಉಳಿಯುತ್ತದೆ, ಯಾಕೆ ಬೇಕು, ಎಲ್ಲವೂ ಗೊತ್ತಿತ್ತು. ಹಾಗೆ ತಿಳಿದು, ಅಂಜಿ, ಆಮೇಲೆ ನಿರ್ಧರಿಸಿದ ಒಬ್ಬ ಹೆಂಗಸಿನ ಮಾತನ್ನು ನೀವು ಯಾವ ಆಧಾರದ ಮೇಲೆ ತಳ್ಳಿದಿರಿ? ಕಾರಣ ಕೇಳಲು ನಾನು ಮತ್ತು ಖಾದರ ನಿಮ್ಮ ಕಚೇರಿಗೆ ಬಂದೆವು. ನೀವು ಸಭೆಯಲ್ಲಿದ್ದಿರಿ. ನೀವು ಯಾವಾಗಲೂ ಸಭೆಯಲ್ಲಿರುತ್ತೀರಿ. ನಿಮ್ಮ ಕೆಳಗಿನ ಅಧಿಕಾರಿಯೊಬ್ಬರು ಕನ್ನಡಕ ಏರಿಸಿ, "ಹಿಮೋಗ್ಲೋಬಿನ್ ಚಲೋ ಐತಲ್ರಿ, ಮತ್ತ್ಯಾಕ ಗಡಿಬಿಡಿ?" ಅಂದರು.

ಚಲೋ ಇರದೆ ಏನು ಸ್ವಾಮಿ? ಊರಿನವರ ರಕ್ತವನ್ನು ತುಂಬಿಸಿ ಕಳಿಸಿದ ಮರುವಾರವೇ ನೀವು ಪರೀಕ್ಷೆ ಮಾಡಿಸಿದಿರಿ. ಎರವಲು ತಂದ ರಕ್ತವನ್ನು ಅವಳ ಸ್ವಂತ ಆಸ್ತಿ ಎಂದು ಬರೆದುಕೊಂಡಿರಿ. ಮದುವೆಗೆಂದು ನೆರೆಮನೆಯ ಒಡವೆ ಹಾಕಿಕೊಂಡವಳನ್ನು ಸಾಹುಕಾರ್ತಿ ಎಂದು ಕರೆಯುವ ಜಾಣತನ ಇದು. ಆ ರಕ್ತವೂ ಎರಡು ಮುಟ್ಟಿನಲ್ಲಿ ಹರಿದು ಹೋಗಿದೆ. ಈಗ ಬಂದು ನೋಡಿ, ಅವಳ ಉಗುರು ಸುಣ್ಣದ ಹಾಗಿದೆ.

ಇನ್ನೊಂದು ಕಾರಣವನ್ನು ಆ ಅಧಿಕಾರಿ ಗೆದ್ದವರ ಹಾಗೆ ಓದಿದರು. ರೋಗಿಯೇ ಹೇಳಿದ್ದಾಳೆ, ದಿನಕ್ಕೆ ಎರಡೇ ಪ್ಯಾಡು, ಇದು ಸಾಮಾನ್ಯ ಸ್ರಾವ. ನಾನು ಬೆಪ್ಪಾಗಿ ಖಾದರನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಮನೆಗೆ ಬಂದು ಜಬೀನಳನ್ನು ಕೇಳಿದೆ. "ಹೌದ ಯಕ್ಕಾ, ಎಷ್ಟ ಹಚ್ಚತಿ ಅಂತ ಕೇಳಿದ್ರು. ಎರಡ್ರೀ ಅಂದೆ. ಸುಳ್ಳ ಹ್ಯಾಂಗ ಹೇಳ್ಲಿ?"

ಅಧ್ಯಕ್ಷರೇ, ಅವಳು ಸುಳ್ಳು ಹೇಳಲಿಲ್ಲ. ನಮ್ಮದು ಅರಳೆಯ ಮನೆ. ನಮ್ಮ ಮನೆಯ ಹೆಣ್ಣುಮಕ್ಕಳು ಅಂಗಡಿಯ ಪ್ಯಾಡನ್ನು ಕಂಡದ್ದು ಕಡಿಮೆ. ಹಿಂಜಿದ ಅರಳೆಯನ್ನು ಒತ್ತಿ ಒತ್ತಿ ಹಾಸಿ, ಹಳೆಯ ಮೆತ್ತನೆಯ ಸೀರೆಯಲ್ಲಿ ಸುತ್ತಿ, ಅಂಚಿಗೆ ಟಾಕು ಹಾಕಿ ನಾವೇ ಹೊಲಿದುಕೊಳ್ಳುತ್ತೇವೆ. ಜಬೀನ ತನಗಾಗಿ ಹೊಲಿದುಕೊಳ್ಳುವುದು ಕೂಸಿನ ತಲೆದಿಂಬಿನಷ್ಟು ದಪ್ಪ. ಅಂಥವು ದಿನಕ್ಕೆ ಎರಡು ತೊಯ್ದು ಸೋರುತ್ತವೆ. ನೀವು ಪ್ಯಾಡು ಎಂದಾಗ ನಿಮ್ಮ ಕಣ್ಣ ಮುಂದೆ ಜಾಹೀರಾತಿನ ತೆಳ್ಳನೆಯ ಪ್ಯಾಡು ಇತ್ತು, ಅವಳ ಕಣ್ಣ ಮುಂದೆ ಸಣ್ಣ ಗಾದಿಯಿತ್ತು. ಗದಗ ಸೀಮೆಯ ಎಲ್ಲ ಗಾದಿ ಮನೆಗಳಲ್ಲೂ ಈ ತಪ್ಪು ಆಗುತ್ತದೆ, ಕೌದಿಯ ಬಟ್ಟೆ ಬಳಸುವ ಎಲ್ಲ ಮನೆಗಳಲ್ಲೂ ಆಗುತ್ತದೆ. ಏನನ್ನು ಹಚ್ಚುತ್ತೀ, ಎಷ್ಟು ದಪ್ಪ, ಗಡ್ಡೆ ಗಡ್ಡೆಯಾಗಿ ಬೀಳುತ್ತದೆಯೇ, ರಾತ್ರಿ ಹಾಸಿಗೆ ತೊಯ್ಯುತ್ತದೆಯೇ ಎಂದು ಒಂದು ಮಾತು ಕೇಳಿದ್ದರೆ ನಿಮ್ಮ ಸಮಿತಿಯ ಗಂಟು ಏನು ಕರಗುತ್ತಿತ್ತು? ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರಿಗೆ ಎರಡು ಎಂದರೆ ಎರಡೇ.

ಅವಳು ನಿಮ್ಮ ಕಡೆಯವರ ಮುಂದೆ ತೋರಿಸಿಕೊಳ್ಳಲು ಬಂದ ದಿನದ ಸಂಗತಿಯನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆಯ ಹೆಂಗಸರು ಡಾಕ್ಟರ ಹತ್ತಿರ ಯಾವಾಗ ಹೋಗುತ್ತಾರೆ ಗೊತ್ತೇ? ರಕ್ತ ನಿಂತ ಮೇಲೆ. ತಲೆಯ ಮೇಲೆ ನೀರು ಹಾಕಿಕೊಂಡು, ಎಣ್ಣೆ ಹಚ್ಚಿ ಬಾಚಿ, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು, ಕಣ್ಣಿಗೆ ಕಾಡಿಗೆ ಎಳೆದುಕೊಂಡು. ನಾಲ್ಕು ಮಂದಿಯ ನಡುವೆ ಹೊಲಸಾಗಿ ಹೋಗಬಾರದು ಎಂಬ ಮರ್ಯಾದೆ. ಬಸ್ಸಿನ ಸೀಟಿಗೆ ಕಲೆಯಾದೀತು ಎಂಬ ಅಂಜಿಕೆ. ಹಾಗೆ ಬಂದವಳನ್ನು ನೋಡಿ ನಿಮ್ಮ ಕಡೆಯ ಡಾಕ್ಟರು, "ಆರಾಮ ಕಾಣ್ತೀಯಲ್ಲ" ಎಂದರಂತೆ. ಹೌದ್ರಿ ಎಂದಳಂತೆ ಇವಳು. ದೊಡ್ಡವರು ಆರಾಮಾಗಿದ್ದೀ ಎಂದ ಮೇಲೆ ಇಲ್ಲ ಎನ್ನುವ ಸಂಪ್ರದಾಯ ನಮ್ಮಲ್ಲಿಲ್ಲ. ಹೀಗೆ ನಿಮ್ಮ ಕಣ್ಣಿಗೆ ಬೀಳುವುದು ಯಾವಾಗಲೂ ನಮ್ಮ ಅತ್ಯುತ್ತಮ ದಿನ. ಅದನ್ನು ನೋಡಿ ನಮ್ಮ ಅತ್ಯಂತ ಕೆಟ್ಟ ದಿನಗಳ ತೀರ್ಪು ಬರೆಯುತ್ತೀರಿ.

ಕೊನೆಗೆ ಆ ಅಧಿಕಾರಿ ಖಾದರನ ಕಡೆ ತಿರುಗಿ, ಗಂಡನಾಗಿ ನಿಮ್ಮ ಒಪ್ಪಿಗೆ ಇದೆಯೇ, ಮುಂದೆ ಇನ್ನೊಂದು ಮಗು ಬೇಕೆನಿಸಿದರೆ ಎಂದು ಕೇಳಿದರು. ನನ್ನ ಮೈದುನ ಮಾತಿನ ಮನುಷ್ಯನಲ್ಲ. ಅರಳೆ ಹಿಂಜುವ ಮಷಿನ್ನಿನ ಸದ್ದಿನಲ್ಲಿ ಬೆಳೆದವನು, ಮಾತು ಕಡಿಮೆ. ಅವತ್ತು ಮಾತ್ರ ಮೇಜಿನ ಮೇಲೆ ಎರಡೂ ಕೈ ಊರಿ, "ನನಗ್ಯಾಕ ಕೇಳ್ತೀರಿ ಸಾಹೇಬ್ರ? ರಗತ ಹೋಗೂದು ಆಕೀದು. ನಮ್ಮವ್ವಂದು ತಗೀವಾಗ ನಮ್ಮಪ್ಪನ್ನ ಕೇಳಿದ್ರು. ಈಗ ನನ್ನ ಹೇಂತೀದು ಉಳಸಾಕ ನನ್ನ ಕೇಳಾಕತ್ತೀರಿ. ಆಕೀ ಬಾಯಾಗ ನಾಲಿಗಿ ಇಲ್ಲೇನ್ರಿ?" ಎಂದ. ಅಧಿಕಾರಿ ನೀರು ಕುಡಿದು, ಮೇಲಿನವರಿಗೆ ತಿಳಿಸುತ್ತೇನೆ ಎಂದರು. ಮೇಲಿನವರು ಎಂದರೆ ನೀವು. ತಿಳಿಸಿದರೋ ಇಲ್ಲವೋ ಗೊತ್ತಿಲ್ಲ, ಅದಕ್ಕೇ ನಾನೇ ತಿಳಿಸುತ್ತಿದ್ದೇನೆ.

ನನ್ನ ಸಿಟ್ಟು ಇರುವುದು ಇಲ್ಲಿಯೇ. ಮದರಬಿಯವರ ಗರ್ಭಕೋಶವನ್ನು ಅವರನ್ನು ಕೇಳದೆ ತೆಗೆದರು. ಜಬೀನಳದನ್ನು ಅವಳನ್ನು ಕೇಳದೆ ಉಳಿಸಿದ್ದೀರಿ. ಮೊದಲಿನವರು ದುಡ್ಡಿಗಾಗಿ ಮಾಡಿದರು, ನೀವು ಒಳ್ಳೆಯ ಹೆಸರಿಗಾಗಿ ಮಾಡುತ್ತಿದ್ದೀರಿ. ಈ ವರ್ಷ ಇಷ್ಟು ಗರ್ಭಕೋಶ ಉಳಿಸಿದೆವು ಎಂದು ವೇದಿಕೆಯ ಮೇಲೆ ನಿಂತು ಹೇಳುವಾಗ ಅದರಲ್ಲಿ ಜಬೀನಳದೂ ಒಂದು ಸೇರಿರುತ್ತದೆ. ಅವಳು ಮಾತ್ರ ಆ ಹೊತ್ತಿಗೆ ಬಚ್ಚಲ ಮೋರಿಯ ಕಟ್ಟೆಯ ಮೇಲೆ ತಲೆ ಹಿಡಿದು ಕುಳಿತಿರುತ್ತಾಳೆ. ಅತ್ತೆ ಸೊಸೆಯರಿಬ್ಬರೂ ಒಂದೇ ಪಡಸಾಲೆಯಲ್ಲಿ ಎದುರುಬದುರು ಕುಳಿತಿರುವುದನ್ನು ನಾನು ದಿನಾ ನೋಡುತ್ತೇನೆ. ಒಬ್ಬರು ಕಳೆದುಕೊಂಡು ಸೊರಗಿದ್ದಾರೆ, ಒಬ್ಬಳು ಇಟ್ಟುಕೊಂಡು ಸೊರಗುತ್ತಿದ್ದಾಳೆ. ಮೊನ್ನೆ ಅತ್ತೆಯೇ ಅವಳ ತಲೆ ಸವರುತ್ತ, "ನಂದು ನನ್ನ ಕೇಳದ ತಗದ್ರು, ನಿಂದು ತಗೀರಿ ಅಂದ್ರೂ ಒಲ್ಲೆ ಅಂತಾರ. ಇವರ ಮನ್ಯಾಗ ಹೆಣ್ಣಮಕ್ಕಳಿಲ್ಲೇನವಾ?" ಅಂದರು. ಆ ಪ್ರಶ್ನೆಯನ್ನು ನಿಮಗೇ ದಾಟಿಸುತ್ತಿದ್ದೇನೆ. ಉತ್ತರ ನಿಮಗೆ ಗೊತ್ತಿದ್ದರೆ ತಿಳಿಸಿ.

ನಿಮ್ಮ ಆದೇಶದ ಕೊನೆಯ ಸಾಲು ನನಗೆ ಬಾಯಿಪಾಠವಾಗಿದೆ. "ಬಲೂನು ಚಿಕಿತ್ಸೆಯನ್ನು ಪುನರಾವರ್ತಿಸುವುದು ಅಥವಾ ಆರು ತಿಂಗಳು ನಿರೀಕ್ಷಿಸುವುದು." ಒಳ್ಳೆಯ ಕನ್ನಡ, ವ್ಯಾಕರಣದ ತಪ್ಪಿಲ್ಲ. ಒಂದನ್ನು ಡಾಕ್ಟರು ಅಪಾಯವೆಂದು ಹೇಳಿದ್ದಾರೆ, ಇನ್ನೊಂದನ್ನು ಅವಳ ಮೈ ತಡೆಯುವುದಿಲ್ಲ. ನಿರೀಕ್ಷಿಸುವುದು ಎಂಬ ಶಬ್ದ ನಿಮ್ಮ ಕಚೇರಿಯಲ್ಲಿ ಹಗುರ. ನಮ್ಮ ಮನೆಯಲ್ಲಿ ಅದರ ಅರ್ಥ ಮತ್ತೆ ಆರು ಮುಟ್ಟು, ಮತ್ತೆ ಮತ್ತೆ ರಕ್ತ ಬೇಡಿ ತರುವುದು, ಶಾಲೆಯಿಂದ ಬಂದ ಮಕ್ಕಳು ಮೊದಲು ತಾಯಿ ಉಸಿರಾಡುತ್ತಿದ್ದಾಳೆಯೇ ಎಂದು ನೋಡಿ ಆಮೇಲೆ ಪಾಟಿಚೀಲ ಇಳಿಸುವುದು. ಅವಳ ಸಣ್ಣ ಮಗಳು ಹಾಗೆ ನೋಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮದುವೆ ಮನೆಯವರು ಈಗ ಜಬೀನಳನ್ನು ಕರೆಯುವುದನ್ನು ಮೆಲ್ಲಗೆ ಬಿಟ್ಟಿದ್ದಾರೆ. ಅವರನ್ನು ನಾನು ದೂರುವುದಿಲ್ಲ. ಅವಳು ಮನೆಯಲ್ಲೇ ಕುಳಿತು ತಲೆದಿಂಬಿಗೆ ಅರಳೆ ತುಂಬುತ್ತಾಳೆ, ಅದೂ ಕುಳಿತಷ್ಟು ಹೊತ್ತು.

ಸಮಿತಿಯನ್ನು ಮುಚ್ಚಿಬಿಡಿ ಎಂದು ನಾನು ಕೇಳುವುದಿಲ್ಲ. ಅದನ್ನು ಮುಚ್ಚಿದ ಮರುದಿನವೇ ಅತ್ತೆಯ ಹೊಟ್ಟೆ ಸೀಳಿದಂಥವರು ಚಾಕು ಮಸೆಯುತ್ತಾರೆ ಎಂದು ಚೆನ್ನಾಗಿ ಬಲ್ಲೆ. ಅವರ ಕೈ ಹಿಡಿಯಿರಿ, ಗಟ್ಟಿಯಾಗಿಯೇ ಹಿಡಿಯಿರಿ. ಆದರೆ ಯಾರ ಮೈಯ ಮಾತೋ ಅವರನ್ನು ಎದುರಿಗೆ ಕೂರಿಸಿಕೊಳ್ಳದೆ ಒಂದು ತೀರ್ಪನ್ನೂ ಕೊಡಬೇಡಿ. ರೋಣವಾಗಲಿ, ನರಗುಂದವಾಗಲಿ, ಗಜೇಂದ್ರಗಡವಾಗಲಿ, ಪ್ರತಿ ತಾಲೂಕಿನ ದವಾಖಾನೆಯಲ್ಲಿ ಒಬ್ಬ ಹೆಣ್ಣುಮಗಳು ಕುಳಿತು, ಡಾಕ್ಟರಮ್ಮ ನಮಗೆ ಹೇಳಿದ ಹಾಗೆ, ಸಾಧನ, ಬಲೂನು, ಕ್ಯಾಮೆರಾ, ರಂಧ್ರದ ಆಪರೇಷನ್ ಇವುಗಳ ಒಳಿತು ಕೆಡುಕನ್ನು ನಮ್ಮ ಮಾತಿನಲ್ಲಿ ಹೇಳುವ ವ್ಯವಸ್ಥೆ ಮಾಡಿ. ಎಲ್ಲದಕ್ಕೂ ಸರಕಾರದ ಆರೋಗ್ಯ ಯೋಜನೆಯ ಹಣ ಒಂದೇ ಸಮ ಸಿಗಲಿ, ಆಗ ಹೆಂಗಸು ತನ್ನ ಮೈಯನ್ನು ನೋಡಿ ಆರಿಸಿಕೊಳ್ಳುತ್ತಾಳೆ. ಎಷ್ಟು ಪ್ಯಾಡು ಎಂದು ಕೇಳುವುದನ್ನು ಬಿಟ್ಟು, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆಯೇ ಎಂದು ಕೇಳಿ. ಇವೆಲ್ಲ ನಿಧಾನವಾಗಿ ಆಗಲಿ, ನಾವು ಕಾಯುತ್ತೇವೆ. ಜಬೀನಳ ಅನುಮತಿ ಮಾತ್ರ ಈ ವಾರ ಬೇಕು. ಅವಳ ಮುಂದಿನ ಮುಟ್ಟಿಗೆ ಬಹಳ ದಿನ ಉಳಿದಿಲ್ಲ, ಅದಕ್ಕೆ ನಿಮ್ಮ ಸಭೆಯ ದಿನಾಂಕ ಗೊತ್ತಿಲ್ಲ.

ಇಷ್ಟು ಬರೆದು ಜಬೀನಳಿಗೆ ಓದಿ ತೋರಿಸಿದೆ. ಅವಳು ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೇಳಿದಳು. ನನಗೆ ನನ್ನ ವಾದದ ಬಗ್ಗೆ ಒಳಗೊಳಗೇ ಹೆಮ್ಮೆ. "ಮತ್ತ ಏನರ ಸೇರಸಬೇಕೇನ?" ಅಂದೆ.

"ಭಾಳ ಉದ್ದ ಆತ ಯಕ್ಕಾ" ಅಂದಳು. "ಅವರು ಇಷ್ಟೆಲ್ಲಾ ಓದೂದಿಲ್ಲ. ಒಂದ ಮಾತ ಬರಿ. ಬ್ಯಾಡ ಅನ್ನೂದಿದ್ರ ಅನ್ಲಿ. ನಮ್ಮ ಮನೀಗೆ ಬಂದು, ನನ್ನ ಮಕ್ಕಳ ಮುಂದ ನಿಂತು, ನಿಮ್ಮವ್ವಗ ಬ್ಯಾಡ ಅಂದೇವಿ ಅಂತ ಅವಕ್ಕ ಹೇಳಿ ಹೋಗ್ಲಿ."

ಬರೆದಿದ್ದೇನೆ.

ಇಂತಿ, ಹತ್ತಿಯ ಮನೆಯಲ್ಲಿದ್ದೂ ನೆಗೆಣ್ಣಿಯ ರಕ್ತ ತಡೆಯಲಾಗದ,
ಸೈರಾಬಾನು ನದಾಫ
ಕನ್ನಡ ಶಿಕ್ಷಕಿ, ಗಜೇಂದ್ರಗಡ